ಕೋಲಾರದ ಶಿಲಾಪಟ್ಟಿ ಎರಡು ಖಂಡಗಳ ಬೆಸುಗೆಯೆ? : ಒಂದು ವಿಮರ್ಶೆ

೧. ವಿಷಯಪ್ರವೇಶ

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬರೆದವರಲ್ಲಿ ಬಹುಮಂದಿ ಚಿನ್ನವನ್ನು ಕುರಿತು ಬರೆದಿರುವರು. ಆ ಚಿನ್ನವನ್ನು ಹೊತ್ತ ಕಲ್ಲನ್ನು ಕುರಿತು ಕನ್ನಡದಲ್ಲಿ ವಿಚಾರಮಾಡಿದವರು ವಿರಳ. ಆದರೆ ವಿದ್ವತ್ಪ್ರಪಂಚದಲ್ಲಿ ಕೋಲಾರದ ಹೆಸರು ಇಂದಿಗೂ ಕೇಳಿಬರುತ್ತಿರುವುದು ಚಿನ್ನದ ದೆಸೆಯಿಂದಲ್ಲ, ಕಲ್ಲಿನ ದೆಸೆಯಿಂದ. ಗಣಿಗಳ ಕೆಲಸವು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ನಿಂತುಹೋಯಿತು. ಆ ಕಲ್ಲಿನ ಮೇಲಣ ವಾದವು ಮಾತ್ರ ನಿಂತಿಲ್ಲ.

ಈ ವಾದದ ಮುಖ್ಯಗ್ರಂಥವೆಂದು ಹೇಳಬಹುದಾದ ಲೇಖನವು ೧೯೮೯ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಕ್ರಾಗ್‌ಸ್ಟಾಡ್, ಬಾಲಕೃಷ್ಣನ್, ಮುಖೋಪಾಧ್ಯಾಯ, ರಾಜಾಮಣಿ ಮತ್ತು ಹ್ಯಾನ್ಸನ್ ಎಂಬ ಐವರು ವಿದ್ವಾಂಸರು. ಭೂಫಲಕಗಳು ಚಲಿಸಿ ಒಂದನ್ನೊಂದು ಸಂಧಿಸುವ ಕ್ರಿಯೆಯು ಇಂದಿಗೆ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆಯೇ ನಡೆಯುತ್ತಿತ್ತು, ಅದಕ್ಕೆ ಸಾಕ್ಷ್ಯವು ಕೋಲಾರದಲ್ಲಿ ಉಂಟು, ಎಂಬುದು ಅದರ ಪ್ರತಿಜ್ಞೆ. ಹಾಗೆಂದರೆ, ಚಾಂಪಿಯನ್ ರೀಫಿಗೆ ಹೊಂದಿಕೊಂಡಿರುವ ಆಂಡರ್ಸನ್‌ಪೇಟೆಯ ಪಶ್ಚಿಮದ ನೆಲವೂ ಪೂರ್ವದ ನೆಲವೂ ಒಂದು ಕಾಲದಲ್ಲಿ ಬೇರೆ ಬೇರೆ ಭೂಖಂಡಗಳಾಗಿದ್ದು, ನಡುವಣ ಕಪ್ಪುಕಲ್ಲಿನ ಪಟ್ಟಿಯು ಅವು ಕೂಡಿಕೊಂಡ ಬೆಸುಗೆಯಾಗಿದೆ ಎಂದು ತಾತ್ಪರ್ಯ.

ಪ್ರತಿಜ್ಞೆಯು ದೊಡ್ಡದು. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷ. ಇಂದು ಹಿಮಾಲಯವನ್ನು ಎತ್ತುತ್ತಿರುವ ಕ್ರಿಯೆಯೇ ಭೂಮಿಯ ಆದಿಕಾಲದಲ್ಲಿಯೂ ಇದ್ದಿತೆ, ಇಲ್ಲವೆ ಆಗಿನ ಭೂಮಿಯ ಧರ್ಮವೇ ಬೇರೆಯಾಗಿದ್ದಿತೆ, ಎಂಬುದು ಭೂಗರ್ಭಶಾಸ್ತ್ರದ ಮೂಲಪ್ರಶ್ನೆಗಳಲ್ಲಿ ಒಂದು. ಅದಕ್ಕೆ ಉತ್ತರವನ್ನು ಕೋಲಾರವೇ ಕೊಡುತ್ತದೆಯೆಂದು ಹೇಳಿದಾಗ, ಆ ಉತ್ತರವು ಎಷ್ಟರಮಟ್ಟಿಗೆ ಪ್ರಮಾಣಸಿದ್ಧವೆಂದು ಪರಿಶೀಲಿಸುವುದು ಈ ನಾಡಿನ ವಾಚಕರ ಹಕ್ಕೂ ಕರ್ತವ್ಯವೂ ಆಗಿರುತ್ತದೆ. ಆ ಲೇಖನವನ್ನೂ, ಅದಕ್ಕೆ ಪೂರಕವಾಗಿಯೂ ವಿರೋಧವಾಗಿಯೂ ಬಂದ ಕೆಲವು ಬರಹಗಳನ್ನೂ ವಿಮರ್ಶಿಸುವುದೇ ಇಲ್ಲಿನ ಉದ್ದೇಶ.

೨. ಪಟ್ಟಿಯ ಸ್ವರೂಪ

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕೋಲಾರದ ಷಿಸ್ಟ್ ಪಟ್ಟಿಯು ಉತ್ತರದಕ್ಷಿಣವಾಗಿ ಸುಮಾರು ೮೦ ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅಗಲವಾದರೋ ನಾಲ್ಕಾರು ಕಿಲೋಮೀಟರುಗಳಷ್ಟು ಮಾತ್ರ. ದಕ್ಷಿಣದಲ್ಲಿ ಅದು ಆಂಧ್ರದ ಕುಪ್ಪಂ ಸೀಮೆಯನ್ನು ಹೊಕ್ಕಿದೆ. ಬಿಸನತ್ತಂ, ಚಿಗರಗುಂಟ ಎಂಬ ಚಿನ್ನದ ಗಣಿಗಳು ಆ ಭಾಗದಲ್ಲಿದ್ದವು. ಈ ಪಟ್ಟಿಯ ಬಹುಭಾಗವು ಒಂದಾನೊಂದು ಕಾಲದ ಲಾವಾರಸ. ಅದು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಮಾರ್ಪಟ್ಟು, ಇಂದು ಕಪ್ಪುಹಸುರು ಬಣ್ಣದ ಹಾರ್ನ್‌ಬ್ಲೆಂಡ್ ಷಿಸ್ಟ್ ಮತ್ತು ಆಂಫಿಬೊಲೈಟ್ ಎಂಬ ಶಿಲೆಗಳಾಗಿದೆ. ಅಲ್ಲಲ್ಲಿ ಕಬ್ಬಿಣದ ಅದಿರೂ ಬೆಣಚೂ ಪದರಪದರವಾಗಿ ಸೇರಿಕೊಂಡ ಕಲ್ಲುಗಳುಂಟು. ಗಣಿಗಳ ಸಮೀಪದ ಪೆದ್ದಪಲ್ಲಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಲಾವಾ ಕಂಡುಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬಿಸಿ ಲಾವಾವು ನೀರಿನೊಳಗೆ ಉಕ್ಕಿ ಹೊರಮೈ ಒಡನೆಯೇ ಹೆಪ್ಪುಗಟ್ಟಿದಾಗ ಈ ಆಕಾರವು ಬರುತ್ತದೆ. ಆದಕಾರಣ ಇಂದು ಮಳೆಗೆ ಬಾಯಿಬಿಡುವ ಈ ಒಣಸೀಮೆಯ ಮೇಲೆ ಆಗ ನೀರು ನಿಂತಿತ್ತೆಂಬುದರಲ್ಲಿ ಸಂಶಯವಿಲ್ಲ.

ಪಟ್ಟಿಯ ಎರಡು ಮಗ್ಗುಲಲ್ಲಿಯೂ ಗ್ರಾನೈಟ್ ಜಾತಿಯ ತಿಳಿಬಣ್ಣದ ನೈಸ್ ಶಿಲೆಗಳು ಇವೆ. ಪೂರ್ವದ ಅಂಚಿನಲ್ಲಿ ಮಾತ್ರ ಚಾಂಪಿಯನ್ ನೈಸ್ ಎಂದು ಪ್ರಸಿದ್ಧವಾದ ಒಂದು ವಿಲಕ್ಷಣ ಶಿಲೆಯುಂಟು. ಅದರಲ್ಲಿ ಉಂಡೆಯಾದ ಕಲ್ಲುಗಳು ಹುದುಗಿರುವ ಕಾಂಗ್ಲೊಮರೇಟಿನಂಥ ಭಾಗಗಳೂ ಇವೆ. ಚಿನ್ನವಿದ್ದುದು ಬೆಣಚುಕಲ್ಲಿನ ಸಿರಗಳಲ್ಲಿ. ಅವುಗಳಲ್ಲಿ ಮುಖ್ಯವಾದ ಚಾಂಪಿಯನ್ ಸಿರವು ಪಶ್ಚಿಮಕ್ಕೆ ಓಲಿಕೊಂಡು ಇಳಿದು, ಆಳಕ್ಕೆ ಹೋದಂತೆಲ್ಲಾ ಕಡಿದಾಗುತ್ತದೆ. ಅದನ್ನು ಹಿಂಬಾಲಿಸಿಹೋದ ಗಣಿಗಾರರು ಮೂರು ಕಿಲೋಮೀಟರಿಗೂ ಮಿಕ್ಕ ಆಳವನ್ನು ಮುಟ್ಟಿದರು. ಇಷ್ಟು ಪುರಾತನವಾದ ನೆಲವನ್ನು ಇಷ್ಟು ಆಳದವರೆಗೆ ಮನುಷ್ಯರು ಕಣ್ಣಾರೆ ಕಂಡಿರುವ ಸ್ಥಳಗಳು ಲೋಕದಲ್ಲಿಯೇ ಬಹಳವಿಲ್ಲ.

೩. ಪೂರ್ವಿಕರ ಮತಗಳು

ಕೋಲಾರದ ಕಲ್ಲನ್ನು ಕುರಿತ ವಿವಾದವು ೧೯೮೯ರಲ್ಲಿ ಹುಟ್ಟಿದುದಲ್ಲ. ೧೮೮೦ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ದಕ್ಷಿಣದ ಚಿನ್ನದ ಶಿಲೆಗಳನ್ನೆಲ್ಲ ಒಟ್ಟುಗೂಡಿಸಿ ‘ಧಾರವಾಡ ಶ್ರೇಣಿ’ ಎಂದು ಹೆಸರಿಟ್ಟರು. ಅವರ ಅಭಿಪ್ರಾಯದಲ್ಲಿ ಈ ಷಿಸ್ಟುಗಳು ನೈಸಿನ ಮೇಲೆ ತರುವಾಯ ನೆಲಸಿ, ಆಮೇಲೆ ಮಡಿಕೆಗೊಂಡು ಉಳಿದುಕೊಂಡವು. ಎಂದರೆ ನೈಸ್ ತಳಹದಿ, ಷಿಸ್ಟ್ ಅದರ ಮೇಲಣ ಹೊದಿಕೆ. ೧೯೦೧ರಲ್ಲಿ ಹ್ಯಾಚ್ ಸಾಹೇಬರು ಕೋಲಾರದ ಗಣಿಗಳನ್ನು ಕುರಿತು ವಿಸ್ತಾರವಾದ ಒಂದು ವರದಿಯನ್ನು ಬರೆದರು. ಅದರ ಒಲವು ಹೆಚ್ಚಾಗಿ ಗಣಿಯ ಕೆಲಸ ಮತ್ತು ಚಿನ್ನವನ್ನು ತೆಗೆಯುವ ವಿಧಾನಗಳ ಕಡೆಗೆ. ಬಳಿಕ ಮೈಸೂರು ಸಂಸ್ಥಾನದ ಭೂಗರ್ಭಶಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ಫೂಟರ ಕ್ರಮವನ್ನೇ ತಲೆಕೆಳಗು ಮಾಡಿದರು. ನೈಸು ಕರಗಿದ ಸ್ಥಿತಿಯಲ್ಲಿ ಷಿಸ್ಟುಗಳೊಳಕ್ಕೆ ನುಗ್ಗಿರುವುದನ್ನು ಅವರು ಬಹು ಸ್ಥಳಗಳಲ್ಲಿ ಕಂಡರು; ಆದುದರಿಂದ ಷಿಸ್ಟೇ ಹಿರಿಯದು, ನೈಸು ಕಿರಿಯದು ಎಂದು ನಿರ್ಣಯಿಸಿದರು. ‘ಪೆನಿನ್ಸುಲರ್ ನೈಸ್’ ಎಂಬ ಹೆಸರು ಬಳಕೆಗೆ ಬಂದುದು ಅವರಿಂದ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಪೂರ್ವದ ಅಂಚಿನ ಗುಂಡುಕಲ್ಲುಗಳನ್ನು ಸ್ಮೀತರು ಹೊಳೆಯೋ ಅಲೆಯೋ ತಂದು ಸುರಿದ ಕಲ್ಲುಗಳೆಂದು ಒಪ್ಪಲಿಲ್ಲ. ಗಟ್ಟಿಶಿಲೆಯು ನೆಲದೊಳಗಿನ ಒತ್ತಡಕ್ಕೆ ಸಿಕ್ಕಿ, ಇದ್ದಲ್ಲಿಯೇ ಅರೆಯಲ್ಪಟ್ಟು ಉಂಡೆಯಾದುದೆಂದು ಅವರ ಮತ. ಧಾರವಾಡ ಶಿಲೆಗಳಲ್ಲಿ ಬಹುಪಾಲು ಅಗ್ನಿಜನ್ಯವೆಂದು ಅವರು ಮೊದಲೇ ನಂಬಿದ್ದುದರಿಂದ, ಜಲಜನ್ಯವೆಂದು ತೋರುವ ಶಿಲೆಗಳಿಗೂ ಬೇರೊಂದು ವಿವರಣೆಯನ್ನು ಹುಡುಕಬೇಕಾಯಿತು. ಮುಂದೆ ಅದೇ ಶಾಖೆಯ ಬಿ. ರಾಮರಾಯರು ೧೯೩೦ರ ದಶಕದಲ್ಲಿ ಈ ಮತವನ್ನು ತಿದ್ದಿ, ನೀರಿನಲ್ಲಿ ಸಂಚಿತವಾದ ಶಿಲೆಗಳಿಗೆ ಅವುಗಳ ಸ್ಥಾನವನ್ನು ಮರಳಿ ಕೊಟ್ಟರು.

ಈ ಚರಿತ್ರೆಯನ್ನು ಹೇಳಿದುದು ಪೂರ್ವಿಕರನ್ನು ಹಳಿಯುವುದಕ್ಕಲ್ಲ. ಫೂಟರೂ ಸ್ಮೀತರೂ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ನಾಡನ್ನು ಅಳೆದವರು. ಅವರು ಗುರುತಿಸಿದ ಎಲ್ಲೆಗಳು ಬಹುಮಟ್ಟಿಗೆ ಈಗಲೂ ನಿಲ್ಲುತ್ತವೆ. ಅವರು ಕಂಡುದು ಉಳಿಯಿತು. ಕಂಡುದಕ್ಕೆ ಹೇಳಿದ ಕಾರಣವು ಬದಲಾಯಿತು. ೧೯೮೯ರ ಲೇಖನವನ್ನು ಪರೀಕ್ಷಿಸುವಾಗಲೂ ಕಂಡುದನ್ನೂ ಊಹಿಸಿದುದನ್ನೂ ಬೇರ್ಪಡಿಸಿಕೊಳ್ಳುವುದು ಕ್ಷೇಮ.

೪. ಬೆಸುಗೆಯ ವಾದ

ಆ ಲೇಖನದ ಆಧಾರಗಳು ಮುಖ್ಯವಾಗಿ ಮೂರು.

ಮೊದಲನೆಯದು, ಎರಡು ಮಗ್ಗುಲ ನೈಸುಗಳ ವಯೋಭೇದ. ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿ ಯುರೇನಿಯಂ ಸ್ವಲ್ಪ ಸೇರಿಕೊಂಡಿರುತ್ತದೆ; ಅದು ನಿಯತವಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ ೨೩೮ ಎಂಬ ಬಗೆಯು ಅರ್ಧಕ್ಕೆ ಇಳಿಯಲು ಸುಮಾರು ೪೪೭ ಕೋಟಿ ವರ್ಷ ಬೇಕು. ಎರಡರ ಪ್ರಮಾಣವನ್ನು ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ಈ ಮಾರ್ಗದಿಂದ ಪಶ್ಚಿಮದ ಗ್ರಾನೈಟ್ ಮತ್ತು ನೈಸುಗಳಿಗೆ ಸುಮಾರು ೨೬೩, ೨೬೧ ಮತ್ತು ೨೫೫ ಕೋಟಿ ವರ್ಷಗಳ ವಯಸ್ಸುಗಳು ದೊರೆತವು. ಪೂರ್ವದಲ್ಲಿ ಲೇಖಕರು ಕಂಭ ನೈಸ್ ಎಂದು ಕರೆದ ಶಿಲೆಗೆ ಸುಮಾರು ೨೫೩ ಕೋಟಿ ವರ್ಷ. ಇದೇ ತಂಡದ ಮೂವರು ೧೯೯೧ರಲ್ಲಿ ಪ್ರಕಟಿಸಿದ ಪೂರಕ ಲೇಖನದಲ್ಲಿ ಈ ಅಂಕಗಳು ವಿವರವಾಗಿ ಬಂದಿವೆ. ಅಲ್ಲದೆ, ಪಶ್ಚಿಮದ ಶಿಲೆಗಳಲ್ಲಿ ಇನ್ನೂ ಬಹು ಹಳೆಯದಾದ ನೆಲವೊಂದು ಕರಗಿ ಬೆರೆತಿರುವ ಗುರುತುಗಳಿವೆ. ಪೂರ್ವದ ಶಿಲೆಯಲ್ಲಿ ಅಂಥ ಗುರುತು ಅವರಿಗೆ ದೊರೆಯಲಿಲ್ಲ.

ಎರಡನೆಯದು, ಪಟ್ಟಿಯೊಳಗಿನ ಲಾವಾಗಳ ರಾಸಾಯನಿಕ ಭೇದ. ಪಟ್ಟಿಯ ನಡುವೆ ಒಂದು ದಿಣ್ಣೆಯು ಉದ್ದಕ್ಕೆ ಸಾಗಿದೆ. ಅದರ ಪೂರ್ವದ ಆಂಫಿಬೊಲೈಟುಗಳಲ್ಲಿ ಹಗುರವಾದ ವಿರಳಮೃತ್ತಿಕಾ ಧಾತುಗಳು ಹೆಚ್ಚು. ಪಶ್ಚಿಮದವುಗಳಲ್ಲಿ ಅವು ಕಡಮೆ. ಎರಡು ಕಡೆಯೂ ಕೊಮಾಟಿಯೈಟ್ ಎಂಬ, ಮೆಗ್ನೀಸಿಯಂ ಅಧಿಕವಾಗಿರುವ ಶಿಲೆಗಳ ಜಾತಿಯವು ಉಂಟು. ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ ಹೆಸರು ಪಡೆದ ಈ ಲಾವಾವು ಸುಮಾರು ೧೬೦೦ ಡಿಗ್ರಿಯ ಶಾಖದಲ್ಲಿ ಉಕ್ಕಿದುದು. ಇಂದಿನ ಜ್ವಾಲಾಮುಖಿಗಳಲ್ಲಿ ಅಷ್ಟು ಶಾಖವಿಲ್ಲ. ಪೂರ್ವಪಶ್ಚಿಮಗಳ ಲಾವಾಗಳು ಭೂಗರ್ಭದ ಬೇರೆ ಬೇರೆ ಆಕರಗಳಿಂದ ಬಂದುವೆಂದು ಲೇಖಕರು ತೀರ್ಮಾನಿಸುವರು.

ಮೂರನೆಯದು, ಕೂಡಿಕೆಯ ಕಾಲ ಮತ್ತು ರಚನೆ. ಪಟ್ಟಿಯ ಶಿಲೆಗಳು ಪೂರ್ವಪಶ್ಚಿಮವಾದ ಒತ್ತಡಕ್ಕೆ ಸಿಕ್ಕಿ, ಮಡಿಕೆಯ ಮೇಲೆ ಮಡಿಕೆಯಾಗಿ ಮಡಿಸಲ್ಪಟ್ಟಿವೆ. ಅಂಚುಗಳಲ್ಲಿ ಕತ್ತರಿಸಿ ಜಾರಿದ ಗುರುತುಗಳುಂಟು. ಎರಡು ನೆಲಗಳ ಕೂಡಿಕೆಯು ೨೫೩ ಕೋಟಿ ವರ್ಷಗಳ ಈಚೆಗೆ, ೨೪೨ ಕೋಟಿ ವರ್ಷಗಳ ಆಚೆಗೆ ಮುಗಿಯಿತೆಂದು ಅವರ ಗಣನೆ.

ಈ ಮೂರನ್ನೂ ಒಂದುಗೂಡಿಸಿ ಲೇಖಕರು ಹೇಳುವುದಿಷ್ಟು: ಹುಟ್ಟು ಬೇರೆ, ಬೆಳೆವಣಿಗೆ ಬೇರೆ ಆದ ಎರಡು ನೆಲಗಳು ಇಲ್ಲಿ ಬಂದು ಕೂಡಿವೆ, ನಡುವಣ ಲಾವಾಗಳು ಅವುಗಳ ನಡುವೆ ಸಿಕ್ಕಿಕೊಂಡವು, ಆದುದರಿಂದ ಇದು ಬೆಸುಗೆ.

೫. ವಾದದ ಗುಣಗಳು

ಈ ಲೇಖನವು ಬರುವುದಕ್ಕೆ ಮುಂಚೆ ಕೋಲಾರದ ಪಟ್ಟಿಯು ಎಲ್ಲೆಡೆಯೂ ಒಂದೇ ಎಂಬ ಭಾವನೆಯು ಸಾಮಾನ್ಯವಾಗಿದ್ದಿತು. ಪಟ್ಟಿಯ ಪೂರ್ವಪಶ್ಚಿಮಾರ್ಧಗಳು ರಸಾಯನದಲ್ಲಿ ಭಿನ್ನವೆಂದು ಅಳತೆಯಿಂದ ತೋರಿಸಿಕೊಟ್ಟುದು ಈ ತಂಡದ ಸ್ಥಿರವಾದ ಸಾಧನೆ. ಹೊಲದಲ್ಲಿನ ನಕ್ಷೆ, ಪ್ರಯೋಗಶಾಲೆಯ ವಯೋನಿರ್ಣಯ, ರಸಾಯನ, ಮಡಿಕೆಗಳ ಅಧ್ಯಯನ, ಈ ನಾಲ್ಕನ್ನೂ ಒಂದೇ ಪ್ರಶ್ನೆಗೆ ಜೋಡಿಸಿದುದು ಇನ್ನೊಂದು. ಸುಮಾರು ೨೫೩ ಕೋಟಿ ವರ್ಷಗಳಷ್ಟು ಹಿಂದಿನ ಘಟನೆಯನ್ನು ಕೆಲವೇ ದಶಲಕ್ಷ ವರ್ಷಗಳ ಅಂತರದಲ್ಲಿ, ಎಂದರೆ ಸಾವಿರಕ್ಕೆ ಒಂದೆರಡು ಪಾಲಿನ ವ್ಯತ್ಯಾಸದೊಳಗೆ, ಗುರುತಿಸಿದ ಈ ಕೆಲಸವನ್ನು ಮೆಚ್ಚದಿರಲಾಗದು. ಮುಂದೆ ಈ ವಾದವನ್ನು ಖಂಡಿಸಿದವರೂ ಇವರ ಅಂಕಗಳನ್ನು ನೆಲೆಯಾಗಿ ಇಟ್ಟುಕೊಂಡೇ ಮುಂದುವರಿಯಬೇಕಾಯಿತು.

೬. ವಾದದ ದೋಷಗಳು

ಆದರೆ ಸಾಧನೆಯು ಎಷ್ಟು ದೊಡ್ಡದೋ ಪ್ರತಿಜ್ಞೆಯು ಅದಕ್ಕಿಂತ ದೊಡ್ಡದಾಯಿತೆಂದು ನಮಗೆ ತೋರುತ್ತದೆ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿನ ಹೇತುವು ಅನೈಕಾಂತಿಕ. ಸಾಧ್ಯವು ಇರುವಲ್ಲಿಯೂ ಇಲ್ಲದಲ್ಲಿಯೂ ಸಮವಾಗಿ ಕಂಡುಬರುವಂಥದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ. ಎರಡು ನೆರೆಯ ನೆಲಗಳಿಗೆ ಭೇದವುಂಟೆಂಬುದರಿಂದ ಅವುಗಳ ನಡುವೆ ಸಮುದ್ರವಿತ್ತೆಂದು ಊಹಿಸುವುದಾದರೆ, ಸಮುದ್ರವಿಲ್ಲದೆ ಅಂಥ ಭೇದವು ಎಲ್ಲಿಯೂ ಉಂಟಾಗದೆಂದು ಮೊದಲು ತೋರಿಸಬೇಕು. ಅದು ಸಾಧ್ಯವಿಲ್ಲ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರು ಲಾಲ್‌ಬಾಗಿನ ಬಂಡೆಯು ಪೆನಿನ್ಸುಲರ್ ನೈಸಿನ ಪ್ರಸಿದ್ಧ ನಿದರ್ಶನ. ಅದರ ವಯಸ್ಸನ್ನು ಸುಮಾರು ೩೦೦ ಕೋಟಿ ವರ್ಷವೆಂದು ಹೇಳುವರು. ಅಲ್ಲಿಂದ ಹತ್ತಿರದಲ್ಲಿಯೇ ಇರುವ ರಾಮನಗರದ ಗುಡ್ಡಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯವು. ಅದರ ವಯಸ್ಸು ಸುಮಾರು ೨೫೧ ಕೋಟಿ ವರ್ಷ. ಎರಡಕ್ಕೂ ಸುಮಾರು ೫೦ ಕೋಟಿ ವರ್ಷಗಳ ಅಂತರವುಂಟು. ಕೋಲಾರದ ಎರಡು ಮಗ್ಗುಲ ಅಂತರವಾದರೋ ಹತ್ತು ಕೋಟಿ ಮಾತ್ರ. ಹೀಗಿದ್ದರೂ ಆ ಗ್ರಾನೈಟಿಗೂ ನೈಸಿಗೂ ನಡುವೆ ಸಮುದ್ರವನ್ನು ಕಲ್ಪಿಸುವ ಅಗತ್ಯ ಬರುವುದಿಲ್ಲ. ಗ್ರಾನೈಟಿನ ಪಾಕವು ಹಳೆಯ ನೈಸನ್ನು ಸೀಳಿಕೊಂಡು ಮೇಲೆ ಬಂದು, ಅದರ ತುಂಡುಗಳನ್ನು ತನ್ನ ಮೈಯೊಳಗೆ ಸೇರಿಸಿಕೊಂಡಿರುವುದು ಬಂಡೆಗಳಲ್ಲಿಯೇ ಕಾಣುತ್ತದೆ. ವಯೋಭೇದವು ದೂರಭೇದವನ್ನು ಸಾಧಿಸಲಾರದು.

ರಾಸಾಯನಿಕ ಭೇದಕ್ಕೂ ಈ ಮಾತೇ ಸಲ್ಲುತ್ತದೆ. ಜಯಾನಂದ ಮೊದಲಾದವರು ೨೦೦೦ದಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬೆಂಗಳೂರಿನ ಸೀಮೆಯಿಂದ ಕೋಲಾರದವರೆಗಿನ ಗ್ರಾನೈಟ್ ಜಾತಿಯ ಶಿಲೆಗಳು ಬಹುಮಟ್ಟಿಗೆ ೨೫೫ರಿಂದ ೨೫೨ ಕೋಟಿ ವರ್ಷಗಳ ಅವಧಿಯಲ್ಲಿ ಭೂಗರ್ಭದಿಂದ ಹೊಸದಾಗಿ ಮೇಲೆ ಬಂದ ಪಾಕಗಳೆಂದು ತೋರಿಸಿದರು. ಪೂರ್ವಪಶ್ಚಿಮಗಳ ಭೇದವನ್ನು ಅವರು ಒಂದೇ ಉಷ್ಣಮೂಲದ ನಡುವೆಗೂ ಅಂಚಿಗೂ ಇರುವ ಭೇದವೆಂದು ವಿವರಿಸಿದರು. ಅವರ ವಿವರಣೆಯೇ ಸರಿಯೆಂದು ಇಲ್ಲಿ ಹೇಳುತ್ತಿಲ್ಲ. ಎರಡನೆಯ ವಿವರಣೆಯೊಂದು ಸಾಧ್ಯವೆಂದಾದೊಡನೆಯೇ, ಭೇದವೊಂದರಿಂದಲೇ ಬೆಸುಗೆಯನ್ನು ಸಾಧಿಸುವ ಬಲವು ಹೋಗುತ್ತದೆಯೆಂದಷ್ಟೇ ನಮ್ಮ ಅಭಿಪ್ರಾಯ.

ಕಾಲಗಣನೆಯಲ್ಲಿಯೂ ಒಂದು ತೊಡಕುಂಟು. ನೈಸುಗಳ ವಯಸ್ಸು ಬಲು ಸೂಕ್ಷ್ಮವಾಗಿ ದೊರೆತಿದೆಯೆಂದು ಮೇಲೆ ಹೇಳಿದೆವು. ಲಾವಾಗಳ ವಯಸ್ಸು ಹಾಗಲ್ಲ. ಪಶ್ಚಿಮದ ಕೊಮಾಟಿಯೈಟ್ ಜಾತಿಯ ಶಿಲೆಗಳಿಗೆ ಬೇರೊಂದು ಮಾರ್ಗದಿಂದ ದೊರೆತ ವಯಸ್ಸು ೨೬೯ ಕೋಟಿ. ಅದಕ್ಕೆ ಆಚೆ ಈಚೆ ೧೪ ಕೋಟಿ ವರ್ಷಗಳ ಸಂದೇಹ. ದಖ್ಖನ್ನಿನ ಲಾವಾ ಹರಿದು ಇಂದಿಗೆ ಸುಮಾರು ೬.೬ ಕೋಟಿ ವರ್ಷವಾಯಿತು. ಸಂದೇಹದ ಅಳತೆಯು ಅದರ ಇಮ್ಮಡಿಯನ್ನೂ ಮೀರಿದೆ. ಫಲಕವೊಂದು ವರ್ಷಕ್ಕೆ ಐದು ಸೆಂಟಿಮೀಟರಿನಂತೆ ಸರಿದರೆ ಒಂದು ಕೋಟಿ ವರ್ಷದಲ್ಲಿ ೫೦೦ ಕಿಲೋಮೀಟರ್ ಹೋಗುತ್ತದೆ. ಹೀಗಿರಲಾಗಿ, ೧೪ ಕೋಟಿಯ ಸಂದೇಹದೊಳಗೆ ಸಾಗರವೊಂದು ಹುಟ್ಟಿ ಬೆಳೆದು ಮುಚ್ಚಿಹೋಗಬಹುದು. ಒಂದು ಹುಟ್ಟದೆಯೇ ಇರಲೂಬಹುದು. ಲಾವಾಗಳು ಉಕ್ಕಿದಾಗ ಎರಡು ನೆಲಗಳು ಎಷ್ಟು ದೂರದಲ್ಲಿದ್ದವೆಂಬ ಪ್ರಶ್ನೆಗೆ ಈ ಅಂಕವು ಉತ್ತರವನ್ನು ಕೊಡಲಾರದು.

ಇನ್ನು ಪೂರ್ವದ ನೆಲದಲ್ಲಿ ಹಳೆಯ ಖಂಡದ ಗುರುತು ಇಲ್ಲವೆಂಬ ಮಾತು. ಆಯ್ದು ತೆಗೆದ ಕೆಲವು ಕಲ್ಲುಗಳಲ್ಲಿ ಒಂದು ವಸ್ತು ದೊರೆಯದಿದ್ದರೆ, ಆ ಸೀಮೆಯಲ್ಲಿಯೇ ಅದು ಇಲ್ಲವೆನ್ನಲಾಗದು. ಚಿನ್ನದ ಗಣಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೊರೆತದಲ್ಲಿ ಬರಿಯ ಬೆಣಚು ಬಂದಿತೆಂದು ಸಿರವನ್ನು ಬಿಟ್ಟುಬಿಡುವವರು ಅಲ್ಲಿ ಯಾರೂ ಇರಲಿಲ್ಲ.

ಬೆಸುಗೆಯನ್ನು ನಿಜವಾಗಿ ಸಾಧಿಸುವ ಲಕ್ಷಣಗಳು ಯಾವುವು? ಹಿಮಾಲಯದ ಉತ್ತರದಲ್ಲಿ ಸಿಂಧು ಮತ್ತು ತ್ಸಾಂಗ್‌ಪೋ ನದಿಗಳ ಕಣಿವೆಗಳನ್ನು ಅನುಸರಿಸಿ ಹೋಗುವ ಬೆಸುಗೆರೇಖೆಯನ್ನು ನೋಡಬಹುದು. ಅಲ್ಲಿ ಸಾಗರತಳದ ಶಿಲೆಗಳು ಮೇಲಿನಿಂದ ಕೆಳಗಿನವರೆಗೆ ತಮ್ಮ ಕ್ರಮದಲ್ಲಿಯೇ ಎತ್ತಲ್ಪಟ್ಟು ನಿಂತಿವೆ, ಆಳಸಮುದ್ರದ ಕೆಸರುಗಳುಂಟು, ಒಂದು ನೆಲವು ಇನ್ನೊಂದರ ಕೆಳಗೆ ಬೇಗನೆ ಇಳಿದಾಗ ಮಾತ್ರ ಹುಟ್ಟುವ, ಒತ್ತಡ ಹೆಚ್ಚಾಗಿ ಶಾಖ ಕಡಮೆಯಾದ ಶಿಲೆಗಳುಂಟು. ಇವು ಒಟ್ಟಾಗಿ ಒಂದೇ ಕಡೆ ಸೇರಿದಾಗ ಬೆಸುಗೆಯಲ್ಲದೆ ಬೇರೆ ಕಾರಣವನ್ನು ಹೇಳುವುದು ಕಷ್ಟ. ಕೋಲಾರದಲ್ಲಿ ದಿಂಬಿನ ಲಾವಾ ಇದೆ, ನಿಜ. ಆದರೆ ಅದು ನೀರಿಗೆ ಸಾಕ್ಷಿಯೇ ಹೊರತು ಮಹಾಸಾಗರಕ್ಕೆ ಸಾಕ್ಷಿಯಲ್ಲ. ಖಂಡದ ಮೇಲಣ ತಗ್ಗಿನಲ್ಲಿ ನಿಂತ ನೀರಿನಲ್ಲಿಯೂ ಲಾವಾ ದಿಂಬುಗಟ್ಟುತ್ತದೆ.

೭. ಇಳಿತದ ವಾದ

ಬೆಸುಗೆಯ ವಾದಕ್ಕೆ ಎದುರಾಗಿ ನಿಂತ ಲೇಖನಗಳಲ್ಲಿ ಮುಖ್ಯವಾದುದು, ಶಾರ್ಡೋನ್, ಪೂಕಾ, ಜಯಾನಂದ, ಶೂಕ್ರೂನ್ ಮತ್ತು ಫ್ಯಾನಿಂಗ್ ಎಂಬವರು ೨೦೦೨ರಲ್ಲಿ ‘ಟೆಕ್ಟಾನಿಕ್ಸ್’ ಪತ್ರಿಕೆಯಲ್ಲಿ ಬರೆದುದು. ಅದರ ತಾತ್ಪರ್ಯವನ್ನು ಹೀಗೆ ಹೇಳಬಹುದು. ಲಾವಾಶಿಲೆಯು ಗ್ರಾನೈಟಿಗಿಂತ ಭಾರವಾದುದು. ನೀರನ್ನು ೧ ಎಂದಿಟ್ಟುಕೊಂಡರೆ ಗ್ರಾನೈಟಿನ ಸಾಂದ್ರತೆ ಸುಮಾರು ೨.೭, ಲಾವಾಶಿಲೆಯದು ಸುಮಾರು ೩. ಭಾರವಾದುದು ಮೇಲೆ, ಹಗುರವಾದುದು ಕೆಳಗೆ ಇದ್ದು, ಕೆಳಗಿನದು ಶಾಖದಿಂದ ಮೆತ್ತಗಾದರೆ, ಹಗುರವಾದುದು ಗುಮ್ಮಟಗಳಾಗಿ ಮೇಲಕ್ಕೆ ಉಬ್ಬುತ್ತದೆ. ಭಾರವಾದುದು ಅವುಗಳ ನಡುವಣ ಇರುಕಿನಲ್ಲಿ ತೊಟ್ಟಿಯಂತೆ ಕೆಳಕ್ಕೆ ಇಳಿಯುತ್ತದೆ. ಇದರ ಜತೆಗೆ ಇಡೀ ಸೀಮೆಯು ಪೂರ್ವಪಶ್ಚಿಮವಾಗಿ ಹಿಂಡಲ್ಪಟ್ಟರೆ, ಇಳಿದ ತೊಟ್ಟಿಯು ಸಪುರವಾದ ಉದ್ದ ಪಟ್ಟಿಯಾಗುತ್ತದೆ. ಎರಡು ಖಂಡಗಳೂ ಬೇಡ, ನಡುವೆ ಸಾಗರವೂ ಬೇಡ. ಹೊಸ ಪಾಕವು ಕೆಳಗಿನಿಂದ ಬಂದು ಸೇರುತ್ತಿರುವಾಗಲೇ ಇದೆಲ್ಲವೂ ನಡೆಯಿತು.

ಈ ವಾದಕ್ಕೆ ದೊಡ್ಡ ಬಲವಿರುವುದು ಶಿಲೆಗಳ ನಿಲುವಿನಲ್ಲಿ. ಪಟ್ಟಿಯ ಪದರಗಳು ಬಹುಮಟ್ಟಿಗೆ ಕಡಿದಾಗಿ ನಿಂತಿವೆ. ಚಾಂಪಿಯನ್ ಸಿರವು ಆಳದಲ್ಲಿ ಇನ್ನೂ ಕಡಿದಾಗುವುದನ್ನು ಗಣಿಗಾರರು ನೂರು ವರ್ಷಗಳ ಕಾಲ ಮಟ್ಟದಿಂದ ಮಟ್ಟಕ್ಕೆ ಇಳಿದು ಕಂಡಿದ್ದಾರೆ. ಒಂದು ನೆಲವು ಇನ್ನೊಂದರ ಕೆಳಗೆ ಓರೆಯಾಗಿ ನುಸುಳಿದ್ದರೆ, ಆಳಕ್ಕೆ ಹೋದಂತೆ ಓರೆಯು ಹಾಗೆಯೇ ಉಳಿಯಬೇಕು ಇಲ್ಲವೆ ತಗ್ಗಬೇಕು ಎಂದು ನಿರೀಕ್ಷಿಸುವುದು ಸಹಜ. ಆದರೂ ಸಿರವು ಪದರಗಳ ನಡುವೆ ತರುವಾಯ ತುಂಬಿಕೊಂಡುದೇ ಹೊರತು ಪಟ್ಟಿಯ ತಳವಲ್ಲ. ಈ ಸಾಕ್ಷ್ಯವನ್ನು ಅದರ ಯೋಗ್ಯತೆಗೆ ಮೀರಿ ಎಳೆಯಬಾರದು.

ಇಳಿತದ ವಾದಕ್ಕೂ ದೌರ್ಬಲ್ಯವಿದೆ. ಒಂದೇ ಲಾವಾಹೊದಿಕೆಯು ಒಂದೇ ತೊಟ್ಟಿಯಾಗಿ ಇಳಿದುದಾದರೆ, ನಡುವಣ ದಿಣ್ಣೆಯ ಎರಡು ಪಕ್ಕದ ಲಾವಾಗಳೂ ಒಂದೇ ರಸಾಯನದವಾಗಿರಬೇಕಾಗಿತ್ತು. ಹಾಗಿಲ್ಲವೆಂಬುದೇ ೧೯೮೯ರ ತಂಡದ ಶೋಧ. ಬೇರೆ ಬೇರೆ ಆಕರಗಳ ಲಾವಾಗಳು ಅಷ್ಟು ಹತ್ತಿರದಲ್ಲಿ ಹೇಗೆ ನೆರೆಯಾದವೆಂಬುದನ್ನು ಇಳಿತವು ತಾನಾಗಿ ವಿವರಿಸುವುದಿಲ್ಲ. ಉಷ್ಣಮೂಲದ ಊಹೆಯನ್ನೋ, ಒಂದರ ಮೇಲೊಂದು ಉಕ್ಕಿದ ಬೇರೆ ಬೇರೆ ಲಾವಾಗಳ ಊಹೆಯನ್ನೋ ಅದಕ್ಕೆ ಸೇರಿಸಬೇಕು. ಅಂಚುಗಳಲ್ಲಿನ ಜಾರುವಿಕೆಯು ಎಷ್ಟು ದೂರದ್ದೆಂಬುದಕ್ಕೂ ಅದರಲ್ಲಿ ಸಿದ್ಧವಾದ ಅಳತೆಯಿಲ್ಲ.

ಎರಡಕ್ಕೂ ನಡುವೆ ಚಾಡ್ವಿಕ್, ವಾಸುದೇವ್ ಮತ್ತು ಹೆಗಡೆ ಅವರ ಮತವೊಂದುಂಟು. ೨೦೦೦ದಲ್ಲಿ ಅವರು, ಧಾರವಾಡ ಭೂಭಾಗದ ಪೂರ್ವಾರ್ಧವೆಲ್ಲವೂ ಒಂದು ಮಹಾ ಗ್ರಾನೈಟ್ ರಾಶಿಯೆಂದೂ, ಓರೆಯಾಗಿ ನಡೆದ ಫಲಕಸಂಗಮದ ಮೇಲುಗಡೆ ಅದು ಬೆಳೆಯಿತೆಂದೂ, ಷಿಸ್ಟ್ ಪಟ್ಟಿಗಳು ಅದರೊಳಗಿನ ತಗ್ಗುಗಳಲ್ಲಿ ಹುಟ್ಟಿದುವೆಂದೂ ಹೇಳಿದರು. ಈ ಮತದಲ್ಲಿ ಫಲಕಗಳ ಚಲನೆಯುಂಟು. ಆದರೆ ಕೋಲಾರವೇ ಬೆಸುಗೆಯಾಗಬೇಕೆಂಬ ನಿರ್ಬಂಧವಿಲ್ಲ. ಆಗ ಫಲಕಗಳು ಚಲಿಸುತ್ತಿದ್ದುವೆ ಎಂಬುದು ಒಂದು ಪ್ರಶ್ನೆ. ಕೋಲಾರವು ಅವುಗಳ ಸಂಧಿಯೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಇಲ್ಲವೆಂದರೆ ಮೊದಲನೆಯದಕ್ಕೂ ಇಲ್ಲವೆಂದಂತಾಗುವುದಿಲ್ಲ. ಕೋಲಾರದ ವಾದವನ್ನು ಓದಿದವರು ಹಲವು ವೇಳೆ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿರುತ್ತಾರೆ.

೮. ಮರಳಿನ ಕೆಳಗಣ ನೆಲ

ಹೋಲಿಕೆಗಾಗಿ ಸಹಾರಾ ಮರುಭೂಮಿಯನ್ನು ನೆನೆಯಬಹುದು. ಅಲ್ಲಿನ ಮರಳಿನ ಮತ್ತು ಎಳೆಯ ಪದರಗಳ ಕೆಳಗೆ ಬಹು ಪುರಾತನವಾದ ಖಂಡವೊಂದು ಅಡಗಿದೆ. ಅದು ಒಮ್ಮೆ ಗಟ್ಟಿಯಾಗಿ ನೆಲಸಿ, ತರುವಾಯದ ಭೂಕ್ರಿಯೆಗಳಿಂದ ಮತ್ತೆ ಕಲಕಲ್ಪಟ್ಟಿತು. ಪೂರ್ತಿಯಾಗಿ ಹಳೆಯದಾಗಿಯೂ ಉಳಿಯದೆ, ಪೂರ್ತಿಯಾಗಿ ಹೊಸದೂ ಆಗದೆ ಇರುವ ಈ ನೆಲಕ್ಕೆ ಅಬ್ದೆಲ್‌ಸಲಾಮ್, ಲಿಯೆಜ್ವಾ ಮತ್ತು ಸ್ಟರ್ನ್ ಎಂಬವರು ೨೦೦೨ರಲ್ಲಿ ‘ಸಹಾರಾ ಮೆಟಾಕ್ರೇಟಾನ್’ ಎಂದು ಹೆಸರಿಟ್ಟರು. ಅಲ್ಲಿ ಹಳೆಯ ಶಿಲೆಯು ಅಲ್ಲೊಂದು ಇಲ್ಲೊಂದು ಕಡೆ ತಲೆಯೆತ್ತಿದೆ. ನಡುವಣ ವಿಸ್ತಾರವಾದ ಪ್ರದೇಶವನ್ನು ಊಹೆಯಿಂದ ತುಂಬಬೇಕು.

ಕೋಲಾರದಲ್ಲಿ ಮರಳಿನ ಮುಸುಕಿಲ್ಲ. ಬಂಡೆಯು ಬಯಲಿನಲ್ಲಿದೆ, ಮೂರು ಕಿಲೋಮೀಟರಿನ ಆಳದವರೆಗೆ ಅದನ್ನು ಸೀಳಿ ನೋಡಿದ್ದೂ ಆಗಿದೆ. ಇಲ್ಲಿಯೇ ವಿದ್ವಾಂಸರಲ್ಲಿ ಮೂರು ಮತಗಳಿರುವಾಗ, ಮುಸುಕಿರುವ ನೆಲಗಳಲ್ಲಿ ವಯೋಭೇದವೊಂದನ್ನೇ ಹಿಡಿದು ಬೆಸುಗೆಗಳನ್ನು ಎಳೆಯುವ ನಕ್ಷೆಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದು ತಾನಾಗಿ ತಿಳಿಯುತ್ತದೆ. ಕೋಲಾರದ ವಿಮರ್ಶೆಯು ಕೋಲಾರಕ್ಕೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಇದು ಸಾಕಾದ ಕಾರಣ.

೯. ಒರೆಗಲ್ಲು ಯಾವುದು?

ಹಾಗಾದರೆ ನಿರ್ಣಯಕ್ಕೆ ಮಾರ್ಗವೇನು? ನಮ್ಮ ಅಭಿಪ್ರಾಯದಲ್ಲಿ ಉತ್ತರವನ್ನು ಕೊಡಲು ಹೆಚ್ಚು ಶಕ್ತವಾದುದು, ಸ್ಮೀತರು ಕಡೆಗಣಿಸಿದ ಪೂರ್ವದ ಅಂಚಿನ ಗುಂಡುಕಲ್ಲುಗಳೇ. ಅವು ಇದ್ದಲ್ಲಿಯೇ ಅರೆಯಲ್ಪಟ್ಟ ತುಂಡುಗಳಾದರೆ ಅವುಗಳಿಂದ ನೆರೆನಾಡಿನ ಸುದ್ದಿ ತಿಳಿಯದು. ನೀರು ಹೊತ್ತು ತಂದುವಾದರೆ, ಪ್ರತಿಯೊಂದು ಗುಂಡೂ ಒಂದು ತವರನ್ನು ಬಿಟ್ಟುಬಂದುದು. ಅದರೊಳಗಿನ ಜಿರ್ಕಾನ್ ಹರಳು ಆ ತವರಿನ ವಯಸ್ಸನ್ನು ಹೇಳುತ್ತದೆ. ಪೂರ್ವದ ಅಂಚಿನ ಗುಂಡುಗಳಲ್ಲಿ ಪಶ್ಚಿಮದ ಹಳೆಯ ನೆಲದ ವಯಸ್ಸುಗಳು ನಿಶ್ಚಯವಾಗಿ ದೊರೆತರೆ, ಆ ಗುಂಡುಗಳು ಸಂಚಿತವಾದ ಕಾಲಕ್ಕೆ ನಡುವೆ ಸಾಗರವಿರಲಿಲ್ಲವೆಂದಾಯಿತು. ಆಗ ಬೆಸುಗೆಯ ಕಾಲವನ್ನು ಹಿಂದಕ್ಕೆ ತಳ್ಳಬೇಕು, ಇಲ್ಲವೆ ಬೆಸುಗೆಯನ್ನೇ ಬಿಡಬೇಕು. ಬಹು ಗುಂಡುಗಳನ್ನು ಪರೀಕ್ಷಿಸಿದ ಮೇಲೂ ಪೂರ್ವದ ವಯಸ್ಸುಗಳೇ ಬಂದರೆ ಬೆಸುಗೆಯ ವಾದಕ್ಕೆ ಈಗ ಇಲ್ಲದ ಬಲವು ಒದಗುತ್ತದೆ. ಒಂದು ಉತ್ತರವು ಒಂದು ಪಕ್ಷವನ್ನು ಕೆಡಿಸಿ, ಇನ್ನೊಂದು ಉತ್ತರವು ಅದನ್ನು ಎತ್ತಿ ಹಿಡಿಯುವಂಥ ಪರೀಕ್ಷೆಯೇ ಒರೆಗಲ್ಲೆನಿಸುವುದು.

ಎರಡನೆಯ ಸಾಧನವೊಂದು ಗಣಿಯಿಂದಲೇ ದೊರೆಯಬೇಕು. ಗಣಿಗಳು ಮುಚ್ಚಿದ ಮೇಲೆ ಆಳದ ಮಟ್ಟಗಳಲ್ಲಿ ನೀರು ತುಂಬಿತು. ಪ್ರಯರ್ ಅವರು ೧೯೨೦ರ ದಶಕದಲ್ಲಿ ನೆಲದೊಳಗಿನ ಶಿಲಾರಚನೆಯನ್ನು ಕುರಿತು ಬರೆದಾಗ ನಡೆದಾಡಿದ ದಾರಿಗಳಲ್ಲಿ ಇಂದು ಯಾರೂ ನಡೆಯಲಾರರು. ಆ ಆಳದ ಶಿಲೆಯ ವಿಷಯದಲ್ಲಿ ನಮಗೆ ಉಳಿದಿರುವ ಕಣ್ಣೆಂದರೆ, ೧೮೮೦ರಿಂದ ೨೦೦೧ರವರೆಗೆ ಗಣಿಯವರು ಬರೆದ ನಕ್ಷೆಗಳು, ಮಟ್ಟಮಟ್ಟದ ಅಡ್ಡಸೀಳಿನ ಚಿತ್ರಗಳು, ಕೊರೆದು ತೆಗೆದ ಕಲ್ಲಿನ ಕಂಬಗಳು ಮತ್ತು ಅವುಗಳ ಲೆಕ್ಕದ ಪುಸ್ತಕಗಳು. ಸುಮಾರು ೮೦೦ ಟನ್ ಚಿನ್ನವು ಈ ನೆಲದಿಂದ ಹೊರಕ್ಕೆ ಹೋಯಿತು. ಅದನ್ನು ತೆಗೆಯುವಾಗ ತಾನಾಗಿ ಕೂಡಿಬಂದ ಈ ಜ್ಞಾನವು ಚಿನ್ನಕ್ಕಿಂತ ಕಡಮೆಯ ಬೆಲೆಯದಲ್ಲ. ಚಿನ್ನವನ್ನು ಬೇರೆಡೆಯಿಂದ ಕೊಳ್ಳಬಹುದು. ಮೂರು ಕಿಲೋಮೀಟರ್ ಆಳದ ಅಡ್ಡಸೀಳಿನ ಚಿತ್ರವೊಂದು ಹಾಳಾದರೆ ಅದನ್ನು ಮತ್ತೆ ಬರೆಯಲು ಯಾರಿಂದಲೂ ಆಗದು. ಇವೆಲ್ಲವನ್ನೂ ಒಂದು ಕಡೆ ಸೇರಿಸಿ, ಪಟ್ಟಿಮಾಡಿ, ವಿದ್ವಾಂಸರೆಲ್ಲರಿಗೂ ಸಿಕ್ಕುವಂತೆ ಇಡುವುದು ಅಗತ್ಯವಾದ ಕೆಲಸ. ಗಣಿಯ ಕಸದ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಕುರಿತು ಆಗಾಗ್ಗೆ ಮಾತು ಏಳುತ್ತದೆ. ಕಾಗದದ ಕಟ್ಟುಗಳಲ್ಲಿ ಉಳಿದ ಜ್ಞಾನವನ್ನು ಕುರಿತೂ ಅಷ್ಟೇ ಮಾತು ನಡೆಯಬೇಕು.

೧೦. ನಿರ್ಣಯ

ಮೇಲಣ ವಿಚಾರದಿಂದ ಹೊರಡುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳುವೆವು. ಕೋಲಾರದ ಪಟ್ಟಿಯ ಎರಡು ಮಗ್ಗುಲ ನೆಲಗಳು ವಯಸ್ಸಿನಲ್ಲಿಯೂ ಪೂರ್ವಚರಿತ್ರೆಯಲ್ಲಿಯೂ ಭಿನ್ನವೆಂಬುದು ಸಿದ್ಧವಾದ ಸಂಗತಿ. ಪಟ್ಟಿಯೊಳಗಿನ ಲಾವಾಗಳು ರಸಾಯನದಲ್ಲಿ ಭಿನ್ನವೆಂಬುದೂ ಸಿದ್ಧ. ಇಡೀ ಸೀಮೆಯು ಸುಮಾರು ೨೫೩ ಕೋಟಿ ವರ್ಷಗಳ ಹಿಂದೆ ಮತ್ತು ಅದರ ಸ್ವಲ್ಪ ಈಚೆಗೆ ಪೂರ್ವಪಶ್ಚಿಮವಾಗಿ ಹಿಂಡಲ್ಪಟ್ಟಿತೆಂಬುದರಲ್ಲಿಯೂ ಎರಡು ಪಕ್ಷದವರಿಗೆ ವಿವಾದವಿಲ್ಲ. ಈ ಮೂರರಿಂದ ಕೋಲಾರವು ಒಂದು ಎಲ್ಲೆಯೆಂದು ಹೇಳಲು ಅಡ್ಡಿಯಿಲ್ಲ. ಬೆಸುಗೆಯೆಂದು ಹೇಳಲು ನಡುವೆ ದೂರವೂ ಸಾಗರವೂ ಇದ್ದುವೆಂದು ತೋರಿಸಬೇಕು; ಅದನ್ನು ೧೯೮೯ರ ಲೇಖನವು ತೋರಿಸಿಲ್ಲ. ಬೆಸುಗೆಯಲ್ಲವೆಂದು ಹೇಳಲು ಲಾವಾಗಳ ಭೇದಕ್ಕೆ ಸಮರ್ಪಕವಾದ ಬೇರೆ ಕಾರಣವನ್ನು ಕೊಡಬೇಕು. ಅದನ್ನು ೨೦೦೨ರ ಲೇಖನವು ಪೂರ್ಣವಾಗಿ ಕೊಟ್ಟಿಲ್ಲ. ಆದಕಾರಣ ನಮ್ಮ ಪಾಠಪುಸ್ತಕಗಳಲ್ಲಿಯೂ ಊರಿನ ಚರಿತ್ರೆಗಳಲ್ಲಿಯೂ ಕೋಲಾರವನ್ನು ‘ಎರಡು ಖಂಡಗಳು ಕೂಡಿದ ಸ್ಥಳ’ವೆಂದು ಬರೆಯುವುದಕ್ಕೆ ಬದಲಾಗಿ, ‘ಎರಡು ಬಗೆಯ ಪುರಾತನ ನೆಲಗಳ ನಡುವಣ ಎಲ್ಲೆ’ಯೆಂದು ಬರೆಯುವುದು ಯುಕ್ತ. ಈ ಮಾತಿನಿಂದ ಊರಿನ ಹಿರಿಮೆಗೆ ಕೊರತೆ ಬಾರದು.

ಫೂಟರ ಕಾಲದಲ್ಲಿ ಕೇಳಿದ ಪ್ರಶ್ನೆ, ಷಿಸ್ಟ್ ಮೊದಲೋ ನೈಸ್ ಮೊದಲೋ ಎಂಬುದು. ಸ್ಮೀತರ ಕಾಲದಲ್ಲಿ ಅದು ಬೆಂಕಿಯ ಕೆಲಸವೋ ನೀರಿನ ಕೆಲಸವೋ ಎಂಬುದಾಯಿತು. ಈಗ ಬೆಸುಗೆಯೋ ಇಳಿತವೋ ಎಂದು ಕೇಳುತ್ತಿದ್ದೇವೆ. ಮೂರು ಕಾಲಗಳಲ್ಲಿಯೂ ಪೂರ್ವದ ಅಂಚಿನ ಅದೇ ಗುಂಡುಕಲ್ಲುಗಳು ವಿವಾದದ ನಡುವೆ ಬಂದಿವೆ. ಅವನ್ನು ಒಂದೊಂದಾಗಿ ಬಿಡಿಸಿ ಓದುವ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳ ತರುಣ ವಿದ್ವಾಂಸರು ಕೈಗೆತ್ತಿಕೊಂಡು, ದೊರೆತ ಫಲವನ್ನು ಕನ್ನಡದಲ್ಲಿಯೂ ಬರೆಯುವಂತಾಗಲೆಂದು ಆಶಿಸುತ್ತೇವೆ.